ಫ್ರಾನ್ಸ್ ರೋಡಿನಲ್ಲಿ ಹೂಂಗುಟ್ಟಿದವರು

ನಾನು ಹಿಂದೆ ತಿರುಗಿ ನೋಡಲಿಲ್ಲ, ಅದಕ್ಕೇ ಇವತ್ತು ಬದುಕಿದ್ದೇನೆ ಎಂದು ನಮ್ಮ ಚಿಕ್ಕಮ್ಮನ ಊರಿನಲ್ಲಿ ಹೇಳುತ್ತಾರೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಆ ಹೊತ್ತಿನಲ್ಲಿ ಕಂಬಳಿ ಹೊದ್ದು ಮಲಗಿದ್ದವರು. ನಾಲೆ ಸೇತುವೆಯ ಪಕ್ಕ ಟೀ ಅಂಗಡಿ ಇಟ್ಟುಕೊಂಡಿರುವ ಕೆಂಪಣ್ಣನಂತೂ ಕೇಳುವ ಕಿವಿ ಸಿಕ್ಕರೆ ಸಾಕು, ಟೀ ಸೋಸುತ್ತಲೇ ಶುರು ಮಾಡುತ್ತಾರೆ. "ನಾಲೇಲಿ ಯಾವ ಕಾಲದಲ್ಲೋ ಬಿದ್ದೋದ ಎಣ್ಣು ಕಣ್ರೀ ಅದು. ಈ ಉಡ್ಗಿ ಇಂದೇನೇ ಬಂದದೆ. ತಂಗಿ ದನೀಲೇ ಊಂ ಊಂ ಅಂದದೆ. ತಿರುಗಿ ನೋಡಿದ್ರೆ ಎಳ್ಕಂಡ್ಬುಡ್ತಿತ್ತು. ನೋಡ್ನಿಲ್ಲ, ಬಚಾವಾದ್ಲು."

ಇದಕ್ಕೆ ನನ್ನ ಆಕ್ಷೇಪಣೆಗಳಿವೆ. ಮೊದಲಿಗೆ, ನಾನು ತಿರುಗಿ ನೋಡಿದ್ದೆ. ಎಳೆದುಕೊಂಡು ಹೋಗಲು ಯಾರೂ ಬರಲಿಲ್ಲ. ಇನ್ನು ಆ ನಾಲೆಗೆ ಬಿದ್ದ ಹೆಣ್ಣು ಯಾರು ಎಂದು ಕೇಳಿದರೆ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಕೆಂಪಣ್ಣನೇ ಹೋದ ಸಲ ಹೇಳಿದ ಹೆಸರನ್ನು ಈ ಸಲ ಹೇಳುವುದಿಲ್ಲ. ಕೊನೆಯದಾಗಿ, ನನ್ನ ಹಿಂದೆ ಬಂದದ್ದು ಬರೀ ಹೂಂ ಎನ್ನಲಿಲ್ಲ. ಒಂದು ಮಾತನ್ನೂ ಆಡಿತು. ಅದು ಊರಿನವರ ಕಥೆಯಲ್ಲಿ ಇಲ್ಲ, ಏಕೆಂದರೆ ಆ ಮಾತನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ನನ್ನ ಹಿನ್ನೆಲೆಯನ್ನು ಮೊದಲೇ ಹೇಳಿಬಿಡುವುದು ನ್ಯಾಯ. ನಾನು ಹುಣಸೂರಿನವಳು, ಮೈಸೂರಿನಲ್ಲಿ ಕಾನೂನು ಓದುತ್ತಿದ್ದೇನೆ. ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳ ಹುಚ್ಚು. ಪರವಾಗಿ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ದೆವ್ವ, ಮಾಟ, ಶಕುನಗಳ ವಿಷಯ ಬಂದರೆ ಮಾತ್ರ ನಾನು ಯಾವಾಗಲೂ ಒಂದೇ ಕಡೆ. ದೆವ್ವ ಕಂಡೆ ಎಂದು ಹೇಳಿಕೊಂಡ ನೆಂಟರಿಷ್ಟರನ್ನೆಲ್ಲ ಮದುವೆ ಮನೆಗಳಲ್ಲಿ ಹಿಡಿದು ಕೂರಿಸಿ, ಬೆಳಕು ಎಷ್ಟಿತ್ತು, ಜೊತೆಗೆ ಯಾರಿದ್ದರು, ಏನು ಕುಡಿದಿದ್ದಿರಿ ಎಂದು ಪಾಟೀಸವಾಲು ಮಾಡಿ ಬೆವರಿಳಿಸಿದವಳು. ಅವರಲ್ಲಿ ಒಬ್ಬರಾದರೂ ಇದನ್ನು ಓದಿದರೆ ಈಗ ಅವರ ಸರದಿ; ಕೇಳಲಿ.

ನನ್ನ ಚಿಕ್ಕಮ್ಮನನ್ನು ಕೊಟ್ಟಿರುವುದು ಕೃಷ್ಣರಾಜನಗರದ ಹತ್ತಿರದ ಒಂದು ಹಳ್ಳಿಗೆ. ಅವಳ ಮಗಳು ಪಲ್ಲವಿ, ಆಗ ಮೊದಲ ಪಿಯುಸಿ, ದಿನಾ ಸೈಕಲ್ಲಿನಲ್ಲಿ ಮೈಸೂರು ರಸ್ತೆ ಹಿಡಿದು ಟೌನಿನ ಕಾಲೇಜಿಗೆ ಹೋಗುತ್ತಿದ್ದಳು. ಬಸ್ಸು ಕಾಲೇಜಿನ ಹೊತ್ತಿಗೆ ಬರುವುದಿಲ್ಲ, ಬಂದರೂ ಬಾಗಿಲಲ್ಲೇ ಜನ ನೇತಾಡುತ್ತಿರುತ್ತಾರೆ. ಆ ರಸ್ತೆಯಲ್ಲಿ ಕಬ್ಬಿನ ಲಾರಿ, ಅಕ್ಕಿ ಗಿರಣಿ ಲಾರಿ, ಜಲ್ಲಿ ಟಿಪ್ಪರ್ ಎಲ್ಲ ಓಡಾಡುತ್ತವೆ. ಆ ಮಳೆಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ ಲಾರಿಯೊಂದು ಅವಳನ್ನು ಸವರಿಕೊಂಡು ಹೋಯಿತು. ಅವಳು ಚರಂಡಿಗೆ ಬಿದ್ದಳು. ಎಡಗೈ ಮುರಿಯಿತು, ಸೈಕಲ್ಲಿನ ಮುಂದಿನ ಚಕ್ರ ಹಪ್ಪಳವಾಯಿತು. ಲಾರಿ ನಿಲ್ಲಲಿಲ್ಲ. ಟಿಪ್ಪರ್‌ನವನೇ ಇರಬೇಕು ಎಂದು ಚಿಕ್ಕಪ್ಪ ಅಂದರು, ಮನೆಯಲ್ಲಿ ಎಲ್ಲರೂ ಟಿಪ್ಪರ್ ಎಂದೇ ಹೇಳತೊಡಗಿದರು. ಪಲ್ಲವಿಯನ್ನು ಕೇಳಿದರೆ "ಗೊತ್ತಾಗಲಿಲ್ಲ" ಅನ್ನುತ್ತಿದ್ದಳು. ಅಷ್ಟೇ.

ಕೈ ಕೂಡಿತು. ಆದರೆ ಚಿಕ್ಕಪ್ಪ ಅವಳನ್ನು ಮತ್ತೆ ಆ ರಸ್ತೆಗೆ ಬಿಡಲು ಸುತರಾಂ ಒಪ್ಪಲಿಲ್ಲ. ಓದು ಬಿಡಿಸಿ ಪಿರಿಯಾಪಟ್ಟಣದಲ್ಲಿರುವ ತಮ್ಮ ಅಕ್ಕನ ಮನೆಗೆ ಕಳಿಸುವುದು, ಅಲ್ಲೇ ಟೈಲರಿಂಗ್ ಕಲಿಯಲಿ, ಹೊಗೆಸೊಪ್ಪು ಹದ ಮಾಡುವ ಕಾಲದಲ್ಲಿ ಅತ್ತೆಗೂ ಒಂದು ಕೈ ಆಗುತ್ತದೆ ಎನ್ನುವುದು ಅವರ ತೀರ್ಮಾನ. ಸುದ್ದಿ ಕೇಳಿ ನಾನು ಮೈಸೂರಿನಿಂದ ಓಡಿಬಂದೆ. ಓದುವ ಹುಡುಗಿಯನ್ನು ಹೀಗೆ ಕೂರಿಸುವುದಕ್ಕೆ ನಾನು ಬಿಡುವವಳಲ್ಲ.

ನನ್ನ ಬಳಿ ಒಂದು ವಾದ ಸಿದ್ಧವಿತ್ತು. ಪರೀಕ್ಷೆಗೆ ಓದುವಾಗ ತಲೆ ಬಿಸಿಯಾದರೆ ನಾನು ಫೋನಿನಲ್ಲಿ ಫ್ರಾನ್ಸ್ ದೇಶದ ಸೈಕಲ್ ಪ್ರವಾಸದ ವಿಡಿಯೋಗಳನ್ನು ನೋಡುತ್ತೇನೆ. ಹಳೆಯ ಕಾಲುವೆಗಳ ದಂಡೆಯ ಮೇಲೆ ದಿನಗಟ್ಟಲೆ ಹೋಗುವ ದಾರಿಗಳು. ಒಂದು ಕಾರಿಲ್ಲ, ಒಂದು ಹಾರ್ನ್ ಇಲ್ಲ. ಎರಡೂ ಕಡೆ ಮರ, ಪಕ್ಕದಲ್ಲಿ ನೀರು, ಅಜ್ಜ ಅಜ್ಜಿಯರು ಕೂಡ ಗಂಟುಮೂಟೆ ಕಟ್ಟಿಕೊಂಡು ಆರಾಮಾಗಿ ತುಳಿಯುತ್ತಾ ಹೋಗುತ್ತಿರುತ್ತಾರೆ. ಅದನ್ನು ನೋಡುವಾಗೆಲ್ಲ ನನಗೆ ಚಿಕ್ಕಮ್ಮನ ಊರಿನ ನಾಲೆ ನೆನಪಾಗುತ್ತಿತ್ತು. ಅಲ್ಲೂ ಏರಿಯ ಮೇಲೆ ನೀರಾವರಿಯವರ ಜೀಪು ಓಡಾಡಲೆಂದು ಮಾಡಿದ ಮಣ್ಣು ರಸ್ತೆಯಿದೆ. ಅದೇ ಏರಿ ಹಿಡಿದು ಹೋದರೆ ಹೆದ್ದಾರಿಯನ್ನು ಮುಟ್ಟದೆಯೇ ಟೌನಿನ ಸೇತುವೆ ತಲುಪಬಹುದು. ಸೇತುವೆ ದಾಟಿದರೆ ಕಾಲೇಜು.

ಚಿಕ್ಕಪ್ಪನಿಗೆ ವಿಡಿಯೋ ತೋರಿಸಿದೆ. ಅವರು ಫೋನನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು.

"ಅಲ್ಲ ಕಣವ್ವ ಲಾಯ್ರವ್ವ, ಫ್ರಾನ್ಸ್‌ನಲ್ಲಿ ಏರಿ ಮೇಲೆ ಎಮ್ಮೆ ಮಲಗ್ತಾವಾ?"

"ಎಮ್ಮೆಯಾದರೆ ಬೆಲ್ ಹೊಡೆದರೆ ಏಳುತ್ತೆ ಚಿಕ್ಕಪ್ಪ. ಲಾರಿಗೆ ಬೆಲ್ ಹೊಡೆದರೆ ಕೇಳುತ್ತಾ?"

"ಲಾ ಓದಕ್ಕೋದ್ಮೇಲೆ ಇವಳ ನಾಲ್ಗೆ ಇನ್ನೂ ಒಂದ್ ಗೇಣು ಉದ್ದ ಆಗದೆ ನೋಡೇ," ಎಂದು ಚಿಕ್ಕಮ್ಮನ ಕಡೆ ತಿರುಗಿದರು. ಆದರೆ ಫೋನನ್ನು ವಾಪಸು ಕೊಡಲಿಲ್ಲ, ಇನ್ನೂ ಸ್ವಲ್ಪ ಹೊತ್ತು ನೋಡಿದರು. ಕೊನೆಗೆ ಒಂದು ಷರತ್ತು ಹಾಕಿದರು. "ಬೆಳಗ್ಗೆ ಕಾಲೇಜ್ ಒತ್ಗೆ ಇಬ್ರೂ ಆ ದಾರೀಲೇ ಓಗಿ ತೋರ್ಸಿ. ಆಮ್ಯಾಕೆ ನೋಡನ."

ಸುದ್ದಿ ಊರಿಗೆಲ್ಲ ಹರಡಿತು. ಸಂಜೆಗೆ ನಾಲೆ ಏರಿಗೆ ಫ್ರಾನ್ಸ್ ರೋಡು ಎಂಬ ಹೆಸರು ಬಿದ್ದಿತ್ತು.

ಅದು ಚಳಿಗಾಲದ ಶುರು. ನಾಲೆಯಲ್ಲಿ ಇನ್ನೂ ತುಂಬು ನೀರು ಹರಿಯುತ್ತಿತ್ತು. ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಕೊಟ್ಟಿಗೆಯಲ್ಲಿದ್ದ ದನ ಜಗಲಿಗೆ ಕಾಣುತ್ತಿರಲಿಲ್ಲ. ಎಲ್ಲೋ ಆಲೆಮನೆಯ ಒಲೆ ಹಚ್ಚಿದ್ದರು; ಬೆಲ್ಲದ ಪಾಕದ ವಾಸನೆ ಮಂಜಿನೊಳಗೇ ಬರುತ್ತಿತ್ತು. ಹೊರಡುವಾಗ ಚಿಕ್ಕಮ್ಮ ಬಾಗಿಲಿಗೆ ಬಂದು ಪಲ್ಲವಿಗೆ ಹೇಳಿದಳು, "ಊಂ ಅನ್ಕಂಡೇ ಓಗು ಕಣೇ." ನನಗೆ, "ಊಂ ನಿಂತೋದ್ರೆ ನೀನೂ ನಿಂತ್ಕಬೇಕು."

ಈ ಹೂಂ ನಮ್ಮ ಮನೆತನದ ಅಭ್ಯಾಸ. ಅಮ್ಮನ, ಚಿಕ್ಕಮ್ಮನ ತವರು ಅಂತರಸಂತೆ. ಕಾಡಿನ ಅಂಚು, ಆನೆ ಓಡಾಡುವ ಕಡೆ. ಅಲ್ಲಿ ಮಬ್ಬಿನಲ್ಲಿ ಸಾಲಾಗಿ ನಡೆಯುವಾಗ ಮುಂದಿನವರು ಏನಾದರೂ ಮಾತಾಡುತ್ತಿರಬೇಕು, ಹಿಂದಿನವರು ಹೂಂಗುಟ್ಟುತ್ತಿರಬೇಕು. ಹಿಂದೆ ತಿರುಗಿ ತಿರುಗಿ ನೋಡುತ್ತಾ ನಡೆದರೆ ಮುಂದಿರುವುದು ಕಾಣುವುದಿಲ್ಲವಲ್ಲ, ಅದಕ್ಕೆ. ಹೂಂ ಬರುತ್ತಿದ್ದರೆ ಹಿಂದಿನವರು ಇದ್ದಾರೆ ಎಂದು ಲೆಕ್ಕ. ಚಿಕ್ಕಂದಿನಲ್ಲಿ ಅಜ್ಜಿಯ ಹಿಂದೆ ಹೂಂ ಹೂಂ ಎನ್ನುತ್ತಲೇ ನಾವು ಬೆಳೆದದ್ದು.

"ಇಲ್ಲಿ ಆನೆ ಎಲ್ಲಿದೆ ಚಿಕ್ಕಮ್ಮ?" ಎಂದೆ.

"ಆನೆ ಇಲ್ದಿದ್ರೆ ಊಂ ಅನ್ನಕ್ಕೆ ಟ್ಯಾಕ್ಸ್ ಆಕ್ತಾರಾ? ಸುಮ್ನೆ ಓಗು."

ಹೊರಟೆವು. ಚಿಕ್ಕಪ್ಪನ ಸೈಕಲ್ಲಿನಲ್ಲಿ ನಾನು ಮುಂದೆ, ಹೊಸ ಚಕ್ರ ಹಾಕಿಸಿದ ತನ್ನ ಸೈಕಲ್ಲಿನಲ್ಲಿ ಪಲ್ಲವಿ ಹಿಂದೆ. ನಾನು ಎಂದಿನ ಹಾಗೆ ಮಾತಿಗೆ ಶುರು ಮಾಡಿದೆ. ಸಂಜೆ ಚಿಕ್ಕಪ್ಪನ ಮುಂದೆ ಏನೇನು ಹೇಳಬೇಕು, ಅವರು ಏನು ಕೇಳಬಹುದು, ಅದಕ್ಕೆ ಏನು ಉತ್ತರ. ಹಿಂದಿನಿಂದ ಹೂಂ ಬರುತ್ತಿತ್ತು. ಪಲ್ಲವಿಯ ಹೂಂನಲ್ಲಿ ಒಂದು ಕೀಟಲೆ ಇರುತ್ತದೆ, ಮಾತು ಉದ್ದವಾದಷ್ಟೂ ಅವಳ ಹೂಂ ಎಳೆದುಕೊಳ್ಳುತ್ತದೆ. ಊರಿನ ತೂಬು ದಾಟಿದೆವು. ಅಲ್ಲಿಂದ ಮುಂದೆ ಮಂಜು ಇನ್ನೂ ದಟ್ಟವಾಯಿತು. ಬಲಗಡೆ ನೀರಿನ ಸದ್ದು ಕೇಳುತ್ತಿತ್ತೇ ಹೊರತು ನೀರು ಕಾಣುತ್ತಿರಲಿಲ್ಲ. ದಾರಿ ನನ್ನ ಮುಂದಿನ ಚಕ್ರದ ಮುಂದೆ ಒಂದು ಚಾಪೆಯಷ್ಟು ಮಾತ್ರ ಇತ್ತು. ನಾನು ಅದನ್ನೇ ನೋಡುತ್ತಾ, ಮಾತಾಡುತ್ತಾ ಹೋದೆ. ಹೂಂ ನಿಲ್ಲಲಿಲ್ಲ. ಅವಳ ಪೆಡಲ್ಲಿನ ಕಿರುಗುಟ್ಟುವಿಕೆಯೂ ನಿಲ್ಲಲಿಲ್ಲ.

ನಡುವೆ ತಿರುಗಿ ನೋಡಿದೆ. ಊರಿನವರು ಗಮನಿಸಬೇಕು. ಕಂಡದ್ದಿಷ್ಟು: ಮಂಜಿನಲ್ಲಿ ಒಂದು ಕಪ್ಪನೆಯ ಆಕಾರ, ಸೈಕಲ್ಲಿನ ಮೇಲೆ ಕೂತವರ ಎತ್ತರದ್ದು. ಮುಖ ಕಾಣಲಿಲ್ಲ. ಕಾಣಬೇಕೆಂದು ನನಗೆ ಅನ್ನಿಸಲೂ ಇಲ್ಲ, ತಂಗಿಯ ಮುಖ ನನಗೆ ಗೊತ್ತಿಲ್ಲವೇ.

ಅಪಘಾತದ ಮಾತು ಬಂದದ್ದು ಆಮೇಲೆ. "ಆ ಟಿಪ್ಪರ್‌ನವನು ಒಂದು ಹಾರ್ನ್ ಹೊಡೆದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ ಅಲ್ವೇನೇ?" ಎಂದೆ.

ಹೂಂ ಬರಲಿಲ್ಲ.

ಕಲಿತ ಅಭ್ಯಾಸ, ನನ್ನ ಕೈ ತಾನಾಗಿ ಬ್ರೇಕ್ ಹಿಡಿಯಿತು. ಒಂದು ಕಾಲು ನೆಲಕ್ಕೆ ಊರಿ ನಿಂತೆ. ಹಿಂದಿನ ಪೆಡಲ್ಲಿನ ಸದ್ದೂ ನಿಂತಿತು. ನೀರು ಹರಿಯುವ ಸದ್ದು ಮಾತ್ರ ಉಳಿಯಿತು. ಆಮೇಲೆ ಬಹಳ ಹತ್ತಿರದಿಂದ, ಪಲ್ಲವಿಯದೇ ದನಿಯಲ್ಲಿ, ಕೀಟಲೆಯ ಸುಳಿವೇ ಇಲ್ಲದೆ, ಈ ಮಾತು ಬಂತು.

"ಹಾರ್ನ್ ಹೊಡೆದ ಅಕ್ಕ. ಟಿಪ್ಪರ್ ಅಲ್ಲ, ಹುಲ್ಲಿನ ಲಾರಿ. ನಂಗೆ ಕೇಳಿಸ್ತು. ಪಕ್ಕಕ್ಕೆ ಸರೀಬೇಕು ಅಂತ ಅನ್ನಿಸ್ಲಿಲ್ಲ."

ನಾನು ತಿರುಗಿದೆ. ಅದೇ ಆಕಾರ, ನನ್ನ ಹಾಗೇ ಒಂದು ಕಾಲು ಊರಿ ನಿಂತಿತ್ತು. ಎದುರಾಳಿಯ ಮಾತು ಮುಗಿಯುವ ಮೊದಲೇ ನನ್ನ ಉತ್ತರ ನಾಲಿಗೆಯ ತುದಿಗೆ ಬಂದಿರುತ್ತದೆ ಎಂದು ಹೆಸರು ಮಾಡಿದವಳು ನಾನು. ಆದರೂ ಆಗ ಯಾಕೆ ಎಂದು ಕೇಳಲಿಲ್ಲ, ಇಳಿದು ಹೋಗಿ ಕೈ ಹಿಡಿಯಲಿಲ್ಲ. "ಬಾ, ಹೊತ್ತಾಯಿತು," ಎಂದು ಹೇಳಿ ಪೆಡಲ್ ತುಳಿದೆ. ಹಿಂದಿನಿಂದ ಹೂಂ ಬಂತು. ಸೇತುವೆಯವರೆಗೂ ನಾನು ಮಾತಾಡಲಿಲ್ಲ; ಆದರೂ ಆಗಾಗ, ಕೇಳದೆಯೇ, ಹೂಂ ಬರುತ್ತಿತ್ತು.

ಸೇತುವೆಯ ಹತ್ತಿರ ಕೆಂಪಣ್ಣ ಒಲೆ ಹಚ್ಚುತ್ತಿದ್ದರು. "ಏನವ್ವ, ಈ ಮಂಜಲ್ಲಿ ಒಬ್ಳೇ ಬಂದ್ಬುಟ್ಟೆ?"

"ಒಬ್ಬಳೇ ಎಲ್ಲಿ ಅಣ್ಣ, ಹಿಂದೆ ಪಲ್ಲವಿ..." ಎನ್ನುತ್ತಾ ತಿರುಗಿದೆ. ಯಾರೂ ಇರಲಿಲ್ಲ.

ನನಗೆ ಆ ಕ್ಷಣ ದೆವ್ವದ ಯೋಚನೆ ಬರಲಿಲ್ಲ. ನೀರಿನ ಯೋಚನೆ ಬಂತು. ಈಗ ತಾನೇ ಅವಳು ಹೇಳಿದ ಮಾತು, ಪಕ್ಕದಲ್ಲಿ ತುಂಬಿದ ನಾಲೆ. ಸೈಕಲ್ ಅಲ್ಲೇ ಎಸೆದು ಅವಳ ಹೆಸರು ಕೂಗುತ್ತಾ ಏರಿಯ ಮೇಲೆ ವಾಪಸು ಓಡಿದೆ. ಕೆಂಪಣ್ಣನೂ ಒಂದು ಗಳ ಹಿಡಿದು ಹಿಂದೆ ಓಡಿಬಂದರು. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಚಿಕ್ಕಮ್ಮ.

"ಎಲ್ಲಿದ್ದೀಯೇ? ಫೋನ್ ಯಾಕ್ ಎತ್ತಲ್ಲ? ಪಲ್ಲವಿ ಇಲ್ಲೇ ಅವ್ಳೆ ಕಣೇ. ತೂಬ್ತಾವೇ ಚೈನ್ ಕಳಚ್ಕಂಡು ಸೈಕಲ್ ತಳ್ಕಂಡ್ ಬಂದ್ಲು. ಕಾಪಿ ಕುಡೀತಾ ಕೂತವ್ಳೆ."

ನಾನು ಏರಿಯ ಮೇಲೇ ಕೂತುಬಿಟ್ಟೆ. ಕೆಂಪಣ್ಣನಿಗೆ ನಾನು ಏನು ಹೇಳಿದೆನೋ ನೆನಪಿಲ್ಲ. ಹಿಂದಿನಿಂದ ಹೂಂ ಕೇಳುತ್ತಿತ್ತು ಎಂದು ಹೇಳಿರಬೇಕು. ಊರಿನವರ ಕಥೆ ಹುಟ್ಟಿದ್ದೇ ಅಲ್ಲಿ.

ಮನೆಗೆ ಬಂದಾಗ ಪಲ್ಲವಿ ಚೈನಿನ ಮಸಿಯಾದ ಕೈಯನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದಳು. "ಎಷ್ಟ್ ಕೂಗ್ದೆ ಗೊತ್ತಾ ಅಕ್ಕ? ನೀನು ಮಾತಾಡ್ಕಂಡು ಹೋಗ್ತಾನೇ ಇದ್ದೆ. ಎದುರುಗಡೆ ಯಾರೂ ಇಲ್ದಿದ್ರೂ ನಿನ್ ವಾದ ನಡೀತದಲ್ಲ, ಪ್ರೈಸ್ ಕೊಡ್ಬೇಕು ನಿಂಗೆ," ಎಂದು ನಕ್ಕಳು. ಆ ನಗುವನ್ನು ನಾನು ಬಹಳ ಹೊತ್ತು ನೋಡಿದೆ. ಅದರಲ್ಲಿ ಏನೂ ಇರಲಿಲ್ಲ.

ಹಾಗಾದರೆ ವಿವರಣೆ ಏನು? ನನ್ನ ಬಳಿ ವಿವರಣೆಗಳಿಗೆ ಬರವಿಲ್ಲ. ಬಾಲ್ಯದಿಂದ ಬೆನ್ನ ಹಿಂದೆ ಹೂಂ ಕೇಳಿ ಬೆಳೆದ ಕಿವಿ, ಹೂಂ ಇಲ್ಲದ ಕಡೆಯೂ ಹೂಂ ಕೇಳಿಸಿಕೊಂಡಿರಬಹುದು. ಕಿರುಗುಟ್ಟಿದ್ದು ನನ್ನದೇ ಪೆಡಲ್ ಇರಬಹುದು. ಮಂಜಿನಲ್ಲಿ ಕಂಡ ಆಕಾರ ಒಂದು ಜಾಲಿ ಗಿಡ ಇರಬಹುದು. ಆ ಮಾತು ಕೂಡ ನನ್ನ ಮನಸ್ಸೇ ಕಟ್ಟಿಕೊಂಡದ್ದು ಎನ್ನೋಣ. "ಗೊತ್ತಾಗಲಿಲ್ಲ" ಎಂದು ಅವಳು ಹೇಳುತ್ತಿದ್ದ ರೀತಿಯಲ್ಲಿ ನನಗೆ ಏನೋ ಸಂಶಯ ಬಂದಿತ್ತು, ಅದೇ ದನಿಯಾಗಿ ಕೇಳಿಸಿತು. ಬೇರೆ ಯಾರಾದರೂ ಈ ಅನುಭವ ಹೇಳಿದ್ದರೆ ನಾನು ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ.

ಆದರೆ ಹುಲ್ಲಿನ ಲಾರಿ? ಅದು ಪರೀಕ್ಷಿಸಬಹುದಾದ ವಿಷಯ. ಮೈಸೂರಿಗೆ ವಾಪಸಾಗುವ ದಿನ, ಅವಳು ಬಿದ್ದ ತಿರುವಿನ ಎದುರಿಗಿರುವ ಪಂಕ್ಚರ್ ಅಂಗಡಿಗೆ ಹೋದೆ. ಅಂಗಡಿಯವರು ಅವಳನ್ನು ಚರಂಡಿಯಿಂದ ಎತ್ತಿದವರಲ್ಲಿ ಒಬ್ಬರು. ಟಿಪ್ಪರ್ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಟಿಪ್ಪರ್ ಅಂದುಬಿಟ್ಟರೆ ಆ ದನಿ ಸುಳ್ಳು, ಆ ಮಾತೂ ಸುಳ್ಳು.

"ಗುದ್ದಿದ್ದು ಟಿಪ್ಪರ್ ಅಲ್ವಾ ಅಣ್ಣ?" ಎಂದೆ. ಪ್ರಶ್ನೆಯಲ್ಲೇ ಉತ್ತರ ಇಟ್ಟು ಕೇಳಬಾರದು ಎಂದು ನನಗೆ ಗೊತ್ತಿಲ್ಲವೆಂದಲ್ಲ.

"ಟಿಪ್ಪರ್ ಯಾರಂದ್ರು ಕಣಮ್ಮ? ಉಲ್ಲಿನ್ ಲಾರಿ. ಲೋಡು ಎರಡ್ ಕಡೀಕೂ ಒರಗೆ ಬಂದಿತ್ತು. ಅವ್ನೂ ಆರನ್ ಒಡ್ಕಂಡೇ ಬಂದ. ಮಗ ಗಾಬ್ರಿಗೆ ಅಲ್ಲೇ ನಿಂತ್ಬುಡ್ತೋ ಏನೋ ಪಾಪ."

ಗಾಬರಿಗೆ ನಿಂತುಬಿಟ್ಟಿತೋ ಏನೋ. ಆ ಮಾತನ್ನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇದೇ ಅಂಗಡಿಯವರು ಹಿಂದೆ ಯಾರಿಗೋ ಹುಲ್ಲಿನ ಲಾರಿ ಎಂದು ಹೇಳಿದ್ದನ್ನು ನಾನು ಅರೆಕಿವಿಯಲ್ಲಿ ಕೇಳಿಸಿಕೊಂಡು ಮರೆತಿದ್ದೆನೋ ಎಂದೂ ನೆನಪನ್ನು ಕೆದಕಿ ನೋಡಿದ್ದೇನೆ. ಹಾಗೆ ಕೇಳಿದ ನೆನಪಿಲ್ಲ. ಮರೆತದ್ದಕ್ಕೆ ನೆನಪು ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಸರಿ, ಆ ಅಂಕ ನಿಮಗೇ.

ಇತ್ತ ಊರಿನಲ್ಲಿ ಫ್ರಾನ್ಸ್ ರೋಡಿಗೆ ದೆವ್ವದ ಹೆಸರು ಅಂಟಿತ್ತು. "ಆ ದಾರಿ ಬ್ಯಾಡವೇ ಬ್ಯಾಡ, ಪಿರಿಯಾಪಟ್ಣಕ್ಕೇ ಓಗ್ಲಿ," ಎಂದರು ಚಿಕ್ಕಪ್ಪ. ಮುಂದಿನ ಭಾನುವಾರ ನಾನು ಮತ್ತೆ ಹೋಗಿ ಜಗಲಿಯ ಮೇಲೆ ಕೂತು ವಾದಿಸಿದೆ. ಮಂಜು, ಕಿವಿ, ಜಾಲಿ ಗಿಡ, ಎಲ್ಲವನ್ನೂ ಹೇಳಿದೆ. ದೆವ್ವ ಇದೆ ಎಂದು ಬಂದು ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ನಾನು ಮಾಡಿದ ಚರ್ಚೆಗಳಲ್ಲೆಲ್ಲ ಅದೇ ಅತ್ಯುತ್ತಮವಾದದ್ದು. ವಾದಿಸುತ್ತಿದ್ದಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದ ಪಲ್ಲವಿಯ ಕಡೆ ಮಾತ್ರ ನನಗೆ ನೋಡಲಾಗಲಿಲ್ಲ. ಚಿಕ್ಕಪ್ಪ ಸೋತು, "ಊಂ, ಆಯ್ತು ಬುಡವ್ವ. ಓಗ್ಲಿ," ಎಂದರು. ಪಲ್ಲವಿಯ ಓದು ಉಳಿಯಿತು. ದಿನಾ ಎರಡು ಹೊತ್ತು, ತಡೆಗೋಡೆಯಿಲ್ಲದ ತುಂಬು ನೀರಿನ ಪಕ್ಕದಲ್ಲಿ ಅವಳು ಹೋಗಿ ಬರುವುದನ್ನು ನಾನೇ ವಾದಿಸಿ ಗೆದ್ದುಕೊಟ್ಟೆ.

ಈಗ ಅವಳು ಎರಡನೇ ಪಿಯುಸಿ. ಚೆನ್ನಾಗಿ ಓದುತ್ತಿದ್ದಾಳೆ. ಕೆಲವು ದಿನ ಗೆಳತಿಯರ ಜೊತೆ, ಕೆಲವು ದಿನ ಒಬ್ಬಳೇ ಹೋಗುತ್ತಾಳೆ. ನಾನು ಯಾವುದಾದರೊಂದು ನೆಪ ಮಾಡಿಕೊಂಡು ಸಂಜೆ ಫೋನ್ ಮಾಡುತ್ತೇನೆ. ಮನೆ ಸೇರಿದ್ದಾಳೆ ಎಂದು ಗೊತ್ತಾದ ಮೇಲೆ ನನಗೆ ಊಟ ಸೇರುತ್ತದೆ. "ಏನಕ್ಕ, ಲವ್ ಮಾಡೋರ ತರ ದಿನಾ ಫೋನು?" ಎಂದು ಗೇಲಿ ಮಾಡುತ್ತಾಳೆ. ಚಿಕ್ಕಮ್ಮನನ್ನು ಸುತ್ತಿ ಬಳಸಿ ವಿಚಾರಿಸಿದರೆ, "ಅವ್ಳಿಗೇನಾಗದೆ, ಗುಂಡಾಗವ್ಳೆ" ಎನ್ನುತ್ತಾಳೆ.

ನೇರವಾಗಿ ಕೇಳಿಬಿಡಬಹುದಿತ್ತಲ್ಲ ಎಂದು ನಿಮಗೆ ಅನ್ನಿಸುತ್ತಿರಬಹುದು. ಕೇಳಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಆದರೆ ಅವಳು ಮೊದಲು ಕೇಳುವುದು "ನಿಂಗ್ಯಾರು ಹೇಳಿದ್ದು?" ಎಂದು. ಆಧಾರ ಕೇಳಿದರೆ ತೋರಿಸಲಾಗದ ಮಾತನ್ನು ಎತ್ತಬಾರದು ಎಂದು ವೇದಿಕೆಗಳು ನನಗೆ ಕಲಿಸಿವೆ. ನೀನೇ ಹೇಳಿದೆ ಎನ್ನಲೇ? ಅವಳು ಹೇಳಿಲ್ಲ. ಇನ್ಯಾರೋ ಹೇಳಿದರು ಎನ್ನಲೇ? ಹಾಗೆಂದರೆ ನಾನು ಜಗಲಿಯಿಂದ ಎಬ್ಬಿಸಿ ಕಳಿಸಿದವರ ಪಕ್ಷಕ್ಕೇ ಹೋಗಿ ಕೂರಬೇಕಾಗುತ್ತದೆ.

ಈ ವರ್ಷ ಮತ್ತೆ ನಾಲೆಗೆ ನೀರು ಬಿಟ್ಟಿದ್ದಾರೆ. ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಹೊಸ ನೀರು ನೋಡಿಕೊಂಡು ಬರೋಣ ಬಾ ಎಂದು ಪಲ್ಲವಿಯನ್ನು ಕರೆದುಕೊಂಡು ಸೈಕಲ್ಲಿನಲ್ಲಿ ಫ್ರಾನ್ಸ್ ರೋಡು ಹಿಡಿದೆ. ಬಿಸಿಲಿತ್ತು. ಹೆಂಗಸರು ನಾಲೆಗೆ ಅರಿಸಿನ ಕುಂಕುಮ ಹಾಕಿ ಪೂಜೆ ಮಾಡಿ ಹೋಗಿದ್ದರು. ಮೆಟ್ಟಿಲ ಮೇಲೆ ಹೂ ಇನ್ನೂ ಬಾಡಿರಲಿಲ್ಲ. ನಾನು ಮುಂದೆ, ಅವಳು ಹಿಂದೆ. ನಾನು ಮಾತಾಡಲಿಲ್ಲ. ಆದರೂ ಹಿಂದಿನಿಂದ, ಕೀಟಲೆಯಲ್ಲಿ ಎಳೆದ ಒಂದು ಹೂಂ ಬಂತು.

ಅಂದು ನಿಂತ ಜಾಗ ಸರಿಯಾಗಿ ಎಲ್ಲಿ ಎಂದು ನನಗೆ ಗೊತ್ತಿಲ್ಲ, ಮಂಜಿನಲ್ಲಿ ಗುರುತು ಸಿಗುವುದು ಹೇಗೆ. ಎಲ್ಲೋ ಒಂದು ಕಡೆ ಬ್ರೇಕ್ ಹಿಡಿದೆ. ಈ ಸಲ ಕಾಲೂರಿ ನಿಲ್ಲಲಿಲ್ಲ. ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ, ನಡೆದು ಹೋಗಿ, ಅವಳ ಹ್ಯಾಂಡಲ್ ಹಿಡಿದುಕೊಂಡೆ. ಬಿಸಿಲಿನಲ್ಲಿ ಅವಳ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳ ನಗು ನಿಧಾನವಾಗಿ ಇಳಿಯಿತು.

"ಪಲ್ಲವಿ, ಅವತ್ತು ಆ ಲಾರಿಯ ಹಾರ್ನ್ ನಿನಗೆ ಕೇಳಿಸಿತ್ತಾ?"